ಹಸಿರು ಪಟ್ಟಿ ನಡುಗಿದ ಮಧ್ಯಾಹ್ನ

ಬೇರೆಯವರ ಮನೆಯ ಹಾಲ್‌ನಲ್ಲಿ ನಿಂತು ಅವರ ಟಿವಿ ನೋಡುವುದೇ ಆ ದಿನಗಳಲ್ಲಿ ನನ್ನ ಕೆಲಸ. ಸೀರಿಯಲ್ ಅಲ್ಲ, ಸಿನಿಮಾ ಅಲ್ಲ, ಸಿಗ್ನಲ್ ಎಷ್ಟಿದೆ ಎಂದು ತೋರಿಸುವ ಒಂದು ಪಟ್ಟಿ. ನಮ್ಮ ಮನೆಯವರು ಮೇಲೆ ತಾರಸಿಯಲ್ಲಿ ಡಿಶ್ಶನ್ನು ಇಷ್ಟೇ ಇಷ್ಟು ತಿರುಗಿಸಿ "ಬಂತಾ?" ಎಂದು ಕೂಗುತ್ತಾರೆ. ಪಟ್ಟಿ ಕೆಂಪಗಿದ್ದರೆ ನಾನು "ಇಲ್ಲ" ಎನ್ನಬೇಕು. ಹಸಿರಾಗಿ ತುಂಬಿಕೊಂಡರೆ "ಬಂತು, ಅಲ್ಲೇ ಇರ್ಲಿ" ಎನ್ನಬೇಕು. ಆಗ ಇವರು ಒಂದು ಕೈಯಲ್ಲಿ ಡಿಶ್ ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ನಟ್ಟು ಬಿಗಿಯುತ್ತಾರೆ. ನಟ್ಟು ಕೂರುವವರೆಗೆ ಏನೇ ಆದರೂ ಕೈ ಬಿಡುವ ಹಾಗಿಲ್ಲ. ಬಿಟ್ಟರೆ ಅಷ್ಟು ಹೊತ್ತು ಮಾಡಿದ್ದೆಲ್ಲ ನೀರಲ್ಲಿ ಹೋಮ. ಫೋನಿನಲ್ಲಿ ಹೇಳಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಮೇಲಿರುವವರಿಗೆ ಇರುವುದು ಎರಡೇ ಕೈ, ಮೂರನೆಯದನ್ನು ಎಲ್ಲಿಂದ ತರುವುದು?

ಯಲಹಂಕದ ಪಕ್ಕದ ಅಟ್ಟೂರಿನಲ್ಲಿ ನಮ್ಮ ಮನೆಯ ಮುಂಭಾಗದಲ್ಲೇ ಅಂಗಡಿ. ಕಂಪನಿಯವರು ಆಕಾಶದಿಂದ ಚಾನಲ್ ಇಳಿಸುತ್ತಾರೆ, ಅದನ್ನು ತಾರಸಿಯಿಂದ ಮನೆಯೊಳಗೆ ಇಳಿಸುವುದು ನಾವು. ಮೊದಲು ಅಂಗಡಿಯಲ್ಲಿ ಇಬ್ಬರು ಕೆಲಸಕ್ಕಿದ್ದರು. ಬೀದಿಬೀದಿಗೆ ಇಂಟರ್ನೆಟ್ಟಿನ ಫೈಬರ್ ಕೇಬಲ್ ಬಂದ ಮೇಲೆ ಇಬ್ಬರೂ ಆ ಕೆಲಸಕ್ಕೆ ಹೋದರು. ಕಂಪ್ಲೇಂಟ್‌ಗಳು ಮಾತ್ರ ನಮ್ಮ ಮೊಬೈಲಿಗೆ ಬರುವುದು ನಿಲ್ಲಲಿಲ್ಲ. ಬಂದ ದಿನವೇ ಸರಿಮಾಡಬೇಕು, ತಡವಾಗುತ್ತಾ ಹೋದರೆ ನಮ್ಮ ಏರಿಯಾವನ್ನು ಬೇರೆ ಅಂಗಡಿಗೆ ಕೊಡುತ್ತಾರೆ. ಹಾಗಾಗಿ ಕೆಳಗೆ ನಿಂತು ಕೂಗುವ ಕೆಲಸಕ್ಕೆ ನಾನು ಸೇರಿಕೊಂಡೆ.

ನಾನು ಸೇರಿಕೊಂಡದ್ದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ನಾವಿಬ್ಬರೂ ಹೊರಗಿನವರಿಗೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೆಲವು ವಾರಗಳ ಹಿಂದೆ ಅಂಗಡಿಯ ಮೇಲಿನ ಶೆಲ್ಫಿನಿಂದ ಸೆಟ್‌ಟಾಪ್ ಬಾಕ್ಸ್ ತೆಗೆಯಲು ತಲೆ ಎತ್ತಿದ ಇವರು ಹಾಗೇ ಕುಸಿದು ಕೂತಿದ್ದರು. ಯಲಹಂಕದ ಡಾಕ್ಟರು, ಕಿವಿಯ ಒಳಗಿನ ತೊಂದರೆ, ತಲೆ ಮೇಲಕ್ಕೆತ್ತಿದರೆ ಲೋಕವೇ ತಿರುಗಿದ ಹಾಗಾಗುತ್ತದೆ, ವಾಸಿಯಾಗುವವರೆಗೆ ಎತ್ತರ ಹತ್ತಬೇಡಿ ಎಂದರು. ಇವರು ಒಳ್ಳೆಯ ಹುಡುಗನ ಹಾಗೆ ತಲೆಯಾಡಿಸಿದರು. ಮರುದಿನ ಸೋಲದೇವನಹಳ್ಳಿಯಲ್ಲಿ ಒಂದು ಹಾಸ್ಟೆಲಿನ ತಾರಸಿ ಹತ್ತಿದರು.

"ಡಾಕ್ಟರ್ ಏನ್ ಹೇಳಿದ್ರು?" ಎಂದು ನಾನು ಜಗಳ ತೆಗೆದೆ.

"ಹತ್ತದೆ ಏನ್ ಮಾಡ್ಲಿ? ಕೌಂಟರ್‌ನಲ್ಲಿ ಕೂತು ರೀಚಾರ್ಜ್ ಮಾಡ್ಲಾ? ಸುಮ್ನಿರೇ."

ಸುಮ್ಮನಿರುವ ಜಾಯಮಾನ ನನ್ನದಲ್ಲ. ಪ್ರತಿ ಮನೆಯಲ್ಲೂ ಏಣಿಯ ಬಳಿ ನಿಂತು "ಹುಷಾರು ರೀ" ಎನ್ನುತ್ತಿದ್ದೆ. ಗಿರಾಕಿಗಳ ಮುಂದೆ ಹಾಗೆ ಹೇಳಬೇಡ ಎಂದು ಇವರು ಸಿಡುಕುತ್ತಿದ್ದರು.

ಆ ದಿನದ ಮನೆ ನಮ್ಮ ಅಂಗಡಿಗೆ ಹತ್ತಿರದ ಹಳೇ ಲೇಔಟಿನಲ್ಲಿತ್ತು. ಮನೆಯೊಡೆಯರು ಆಫೀಸಿನ ಕೆಲಸದಿಂದ ನಿವೃತ್ತರಾದವರು. ಪಕ್ಕದ ಸೈಟಿನಲ್ಲಿ ಅವರ ಗೋಡೆಗೆ ಅಂಟಿಕೊಂಡೇ ಹೊಸ ಕಟ್ಟಡ ಎದ್ದು, ಆಗ್ನೇಯ ದಿಕ್ಕನ್ನು ಪೂರ್ತಿ ಮುಚ್ಚಿತ್ತು. ಆಗ್ನೇಯದಲ್ಲಿ ಅಡುಗೆಮನೆ ಇರಲಿ ಎಂದು ಮನೆ ಕಟ್ಟುವವರು ನೋಡುತ್ತಾರೆ, ಉಪಗ್ರಹ ಇರುವ ಆ ಕಡೆ ಆಕಾಶ ಕಾಣಲಿ ಎಂದು ನಾವು ನೋಡುತ್ತೇವೆ. ತಾರಸಿಯಲ್ಲಿದ್ದ ಡಿಶ್ಶನ್ನು ಇನ್ನೂ ಮೇಲಕ್ಕೆ, ಮೆಟ್ಟಿಲು ಮುಗಿಯುವಲ್ಲಿನ ಪುಟ್ಟ ಕೋಣೆಯ ನೆತ್ತಿಗೆ, ನೀರಿನ ಟ್ಯಾಂಕಿನ ಪಕ್ಕಕ್ಕೆ ಸಾಗಿಸಬೇಕಾಗಿತ್ತು. ಅಲ್ಲಿಗೆ ಗೋಡೆಗೆ ಹೊಡೆದ ಕಬ್ಬಿಣದ ಏಣಿ. ಸುತ್ತ ಮೋಟುಗೋಡೆಯೂ ಇಲ್ಲ.

"ಸಂಜೆ ಫೈನಲ್ ಮ್ಯಾಚ್ ಇದೆ ಕಣ್ರೀ. ಮಗಳ ಮನೆಯವ್ರೆಲ್ಲ ಬರ್ತಾರೆ. ಅಷ್ಟ್ರಲ್ಲಿ ಆಗ್ಬೇಕು" ಎಂದರು ಮನೆಯೊಡೆಯರು.

"ಆಗತ್ತೆ ಸಾರ್" ಎಂದು ಇವರು ಸ್ಪ್ಯಾನರ್ ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದರು.

ಕಂಬ ಕೂರಿಸಿದ್ದಾಯಿತು, ವೈರ್ ಇಳಿಸಿದ್ದಾಯಿತು. ಆಮೇಲೆ ನಮ್ಮ ಕೂಗಾಟ ಶುರುವಾಯಿತು. ಬಂತಾ? ಇಲ್ಲ. ಬಂತಾ? ಇಲ್ಲ ರೀ, ಇನ್ನೊಂಚೂರು. ಪಟ್ಟಿ ಕೆಂಪಗೆ ಮಿಣುಕಿ, ಇದ್ದಕ್ಕಿದ್ದಂತೆ ಹಸಿರಾಗಿ ತುಂಬಿಕೊಂಡಿತು. "ಬಂತು! ಅಲ್ಲೇ ಇರ್ಲಿ!" ಎಂದು ಕೂಗಿದೆ.

ಆಗಲೇ ಯಲಹಂಕದ ಏರ್‌ಫೋರ್ಸ್ ನೆಲೆಯ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಈ ಕಡೆಯ ನಾವು ವಿಮಾನ ಬಂದಾಗ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುವವರು. ನಾನೂ ಕಾದೆ. ಸದ್ದು ಇಳಿಯಿತು. ಮೇಲಿನಿಂದ "ಸರಿ" ಎಂಬ ಉತ್ತರ ಬರಬೇಕಿತ್ತು, ಬರಲಿಲ್ಲ.

ಮತ್ತೆ ಕೂಗಿದೆ. ಅಷ್ಟರಲ್ಲಿ ಪಟ್ಟಿ ನಡುಗಿತು. ಹಸಿರು ಅರ್ಧಕ್ಕೆ ಇಳಿಯಿತು, ಕೆಂಪಾಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ನಟ್ಟು ಬಿಗಿಯುವಾಗ ಪಟ್ಟಿ ಹೀಗೆ ಆಡುವುದಿಲ್ಲ. ಗಾಳಿಯೂ ಇರಲಿಲ್ಲ, ಕಿಟಕಿಯ ಪರದೆ ಅಲುಗದೆ ನಿಂತಿತ್ತು. ಆಗ ನನಗೆ ಹೊಳೆಯಿತು. ಇವರು ಡಿಶ್ಶನ್ನು ಸರಿಮಾಡುತ್ತಿಲ್ಲ, ಬೀಳದಿರಲು ಅದನ್ನೇ ಹಿಡಿದುಕೊಂಡಿದ್ದಾರೆ. ಆ ಕೈಯ ನಡುಕ ನನ್ನ ಕಣ್ಣೆದುರು ಟಿವಿಯಲ್ಲಿ ಕಾಣುತ್ತಿದೆ. ಇನ್ನೂ ಬಿಗಿಯದ ನಟ್ಟು, ಸುತ್ತ ಅಡ್ಡ ಗೋಡೆಯಿಲ್ಲದ ಜಾಗ.

"ಏನಾಯ್ತಮ್ಮಾ? ಬಂತಲ್ಲ, ಮತ್ಯಾಕ್ ಹೋಯ್ತು?" ಎಂದರು ಮನೆಯೊಡೆಯರು.

"ಸಾರ್, ದಮ್ಮಯ್ಯ, ಯಾರೂ ಕೂಗ್ಬೇಡಿ" ಎಂದು ಓಡಿದೆ. ಕೂಗಿದರೆ ಇವರು ಸದ್ದು ಬಂದ ಕಡೆಗೆ ತಲೆ ತಿರುಗಿಸಿಯಾರು ಎಂಬ ಭಯ.

ಹುಟ್ಟಿದಾಗಿನಿಂದ ನಾನು ಅಂಥ ಏಣಿ ಹತ್ತಿದವಳಲ್ಲ. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಬಿಸಿಲಿಗೆ ಕಾದ ಕಂಬಿಗಳನ್ನು ಹಿಡಿದು ಹತ್ತಿದೆ. ಮೇಲೆ ಇವರು ಕುಕ್ಕುರುಗಾಲಿನಲ್ಲಿ ಕೂತು, ಒಂದು ತೋಳಿನಿಂದ ಕಂಬವನ್ನು ಬಳಸಿ, ಇನ್ನೊಂದು ಕೈಯಲ್ಲಿ ಡಿಶ್ಶಿನ ಅಂಚು ಹಿಡಿದಿದ್ದರು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಮುಖವೆಲ್ಲ ಬೆವರು. ನನ್ನ ಉಸಿರಾಟ ಕೇಳಿಸಿರಬೇಕು.

"ಬಂತಾ?" ಎಂದರು.

ಆ ಸ್ಥಿತಿಯಲ್ಲೂ ಅದನ್ನೇ ಕೇಳಿದರಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಅಳುವೂ ಬಂತು.

"ಬಂತು. ಡಿಶ್ ಬಿಡಿ, ಕಂಬ ಹಿಡ್ಕೊಳ್ಳಿ."

"ನಟ್ಟು ಬಿಗಿದಿಲ್ಲ ಕಣೇ."

"ನಟ್ಟು ಹಾಳಾಗ್ ಹೋಗ್ಲಿ! ಬಿಡ್ರೀ ಅಂದ್ರೆ!"

ಬಿಟ್ಟರು. ಡಿಶ್ ತಲೆ ತಗ್ಗಿಸಿ ಒಂದು ಕಡೆಗೆ ವಾಲಿತು. ಎರಡೂ ಕೈ ಕಂಬಕ್ಕೆ ಬಂದವು. ತಲೆ ಅಲ್ಲಾಡಿಸದೆ ಹಾಗೇ ಕೂತಿರಿ ಎಂದು ಹೇಳಿ, ಅವರ ಅಂಗಿಯನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದು ನಾನೂ ಕೂತೆ. ನನ್ನ ಹಿಡಿತದಿಂದ ಏನೂ ತಡೆಯುತ್ತಿರಲಿಲ್ಲ, ಗೊತ್ತಿತ್ತು. ಆದರೂ ಬಿಡಲಿಲ್ಲ. ಸುತ್ತುವುದು ನಿಂತಿತು ಎಂದು ಅವರು ಹೇಳಿದ ಮೇಲೆ ನಾನು ಮೊದಲು ಏಣಿಗೆ ಇಳಿದೆ. ಅವರು ತಲೆ ತಗ್ಗಿಸಿಕೊಂಡೇ ತೆವಳುತ್ತ ಹಿಮ್ಮುಖವಾಗಿ ಬಂದರು. ಕೆಳಗಿನಿಂದ ಅವರ ಒಂದೊಂದೇ ಪಾದವನ್ನು ಹಿಡಿದು ಕಂಬಿಯ ಮೇಲೆ ಇಡುತ್ತ ಇಳಿಸಿದೆ.

ತಾರಸಿಯಲ್ಲಿ ಮನೆಯೊಡೆಯರು ನಿಂತಿದ್ದರು. "ಏನ್ರೀ, ಆಯ್ತಾ?"

ಏಣಿ ತುಕ್ಕು ಹಿಡಿದಿದೆ, ನಾಳೆ ಬರುತ್ತೇವೆ ಎಂದು ಇವರು ಏನಾದರೊಂದು ಕಥೆ ಕಟ್ಟುತ್ತಾರೆ ಎಂದುಕೊಂಡೆ. ಗಿರಾಕಿಯ ಮುಂದೆ ಸೋಲುವವರೇ ಅಲ್ಲ. ಇವರು ಸೊಂಟದಿಂದ ಸ್ಪ್ಯಾನರ್ ತೆಗೆದು ಅದನ್ನೇ ನೋಡುತ್ತ ನಿಂತರು.

"ಇಲ್ಲ ಸಾರ್. ನಂಗೆ ತಲೆ ತಿರುಗತ್ತೆ, ಮೇಲೆ ನಿಲ್ಲೋಕ್ ಆಗ್ತಿಲ್ಲ. ಮಿಕ್ಕಿದ್ದು ಇವ್ಳು ಮಾಡ್ತಾಳೆ" ಎಂದು ಅದನ್ನು ನನ್ನ ಕೈಗೆ ಕೊಟ್ಟರು.

ಮನೆಯೊಡೆಯರು ನನ್ನನ್ನು ನೋಡಿದರು. ನಾನು ಯೋಚನೆಗೆ ಅವಕಾಶ ಕೊಡದೆ ಮತ್ತೆ ಏಣಿಗೆ ಕೈಹಾಕಿದೆ. ನಿಂತು ಯೋಚಿಸಿದ್ದರೆ ಹತ್ತುತ್ತಿರಲಿಲ್ಲ.

ಈ ಸಲ ಮೇಲೆ ನಾನು, ಕೆಳಗೆ ಟಿವಿ ಮುಂದೆ ಇವರು. ಮಂಡಿಯೂರಿ ಕೂತು, ಅಂಚಿನ ಕಡೆ ನೋಡದೆ, ಡಿಶ್ಶಿನ ಮುಖವನ್ನು ಆಗ್ನೇಯಕ್ಕೆ ಎತ್ತಿ "ಬಂತಾ?" ಎಂದೆ. "ಇಲ್ಲ, ಎಡಕ್ಕೆ" ಎಂದು ಇವರ ದನಿ ಮೆಟ್ಟಿಲುಗಳಿಂದ ಏರಿ ಬಂತು. "ಬಂತಾ?" "ಇಲ್ಲ." "ಬಂತಾ?" "ಬಂತು ಬಂತು, ಅಲ್ಲೇ ಇರ್ಲಿ! ಕೈ ಬಿಡ್ಬೇಡ!"

ತೋಳು ಸೋಲುವವರೆಗೆ ನಟ್ಟು ಬಿಗಿದೆ. ಕೈ ತೆಗೆದು ಕೂಗಿದೆ. "ಈಗ ನೋಡಿ, ನಿಂತಿದ್ಯಾ?"

ಉತ್ತರವಿಲ್ಲ. ವಿಮಾನವೂ ಇಲ್ಲ. ಕೆಳಗೆ ಏನಾಯಿತೋ, ಮೆಟ್ಟಿಲ ಮೇಲೆ ಎಲ್ಲಾದರೂ ಬಿದ್ದರೋ ಎಂದು ಅಂಚಿಗೆ ತೆವಳಿ ಬಗ್ಗಿ ನೋಡಿದೆ.

ಇವರು ಏಣಿಯ ಬುಡದಲ್ಲಿದ್ದರು. ಗೋಡೆಗೆ ಹೊಡೆದು ಕೂರಿಸಿದ ಏಣಿ, ಅದು ಅಲುಗುವುದೇ ಇಲ್ಲ. ಆದರೂ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ತಲೆ ಎತ್ತಲಾಗದೆ, ನೆಲ ನೋಡುತ್ತ ನಿಂತಿದ್ದರು.

"ಟಿವಿ ಬಿಟ್ಟು ಯಾಕ್ರೀ ಬಂದ್ರಿ? ಸಿಗ್ನಲ್ ಬಂತಾ ಇಲ್ವಾ?"

"ಅದು ಬಂತು. ನೀನ್ ಇಳಿ" ಎಂದರು ನೆಲಕ್ಕೆ.

ಅಂಚಿನಿಂದ ಹಿಮ್ಮುಖವಾಗಿ ಕಾಲು ಕೆಳಗೆ ಬಿಟ್ಟೆ. ಒಂದೊಂದೇ ಕಂಬಿ ಇಳಿದೆ. ನಡುವೆ ಒಂದು ಕಂಬಿ ಕಾಲಿಗೆ ಸಿಗಲಿಲ್ಲ. ಇವರು ಮೇಲೆ ನೋಡದೆಯೇ ಕೈ ಚಾಚಿ, ತಡಕಾಡಿ ನನ್ನ ಪಾದವನ್ನು ಹುಡುಕಿ, ಹಿಡಿದು ಕಂಬಿಯ ಮೇಲೆ ಇಟ್ಟರು.

"ಹುಷಾರು" ಎಂದರು. ಮನೆಯೊಡೆಯರು ಅಲ್ಲೇ ನಿಂತಿದ್ದರು.