ಒಂದು ಗಂಟೆ ಮೊದಲೇ ಹುಟ್ಟಿದವನು

ಟಿವಿಯಲ್ಲಿ ಪಟ್ಟೆ ಅಂಗಿಯ ಸ್ಪೇನಿನ ಫುಟ್‌ಬಾಲ್ ಕ್ಲಬ್ಬೊಂದು ಆಡುತ್ತಿದೆ. ನೋಡುತ್ತಿದ್ದಂತೆ ಜರ್ಮನಿಯ ಹ್ಯಾಂಬರ್ಗಿನಲ್ಲಿ ನನ್ನ ಬಾಲ್ಯದ ಮನೆಯ ಮೆಟ್ಟಿಲು, ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿಯುವ ವಾಸನೆ ನೆನಪಾಯಿತು.

ಕೆಳಗಿನ ಮನೆಯಲ್ಲಿ, ಬಂದರಿನಲ್ಲಿ ಕ್ರೇನ್ ಓಡಿಸುವ ಸ್ಪೇನಿನವನಿದ್ದ. ಅವನ ಊರಿನ ಈ ಕ್ಲಬ್ಬಿಗೆ ಅಜ್ಜಂದಿರ ಕಾಲದಿಂದ ಒಂದು ಹಟ: ಎಷ್ಟೇ ಸೋತರೂ ಸರಿ, ಆ ನೆಲದಲ್ಲಿ ಹುಟ್ಟಿದವರು, ಇಲ್ಲವೇ ಅಲ್ಲೇ ಆಟ ಕಲಿತವರು ಮಾತ್ರ ಆಡಬೇಕು. ವ್ಯಾಪಾರಿಯ ಕಣ್ಣಿಗೆ ಅದು ಮುಳುಗುವ ಅಂಗಡಿ; ಅವರಿಗೆ ಅದೇ ಮಾನ. ಮಗ ಅಲ್ಲೇ ಹುಟ್ಟಲಿ ಎಂದು ಅವನು ತುಂಬುಗರ್ಭಿಣಿ ಹೆಂಡತಿಯನ್ನು ಹಿಮದಲ್ಲಿ ಕಾರು ಹತ್ತಿಸಿದ.

"ಏನ್ರೀ, ಡಾಕ್ಟ್ರಾಗಿ ನೀವಾದ್ರೂ ಹೇಳಬಾರದಾ?" ಅಮ್ಮ ಅಪ್ಪನನ್ನು ತಿವಿದಳು.

"ಹೇಳ್ದೆ ಕಣೇ. ಇಡೀ ಫ್ರಾನ್ಸ್ ದಾಟಬೇಕಲ್ಲಯ್ಯಾ ಅಂದೆ. ನಕ್ಕುಬಿಟ್ಟ."

ಅವನ ಹೆಂಡತಿ ನಗಲಿಲ್ಲ. ಕಾರಿನ ಗಾಜಿಗೆ ಅಂಗೈ ಒತ್ತಿ ಅಮ್ಮನನ್ನೇ ನೋಡುತ್ತಿದ್ದಳು. ಆಮೇಲೆ ವಾರಗಟ್ಟಲೆ ಕೆಳಗಿನ ಮನೆ ಕತ್ತಲು. ಫೋನ್ ಹೊಡೆದುಕೊಂಡಾಗಲೆಲ್ಲ ಅಮ್ಮ ಒಲೆ ಆರಿಸಿ, ಅಪ್ಪನ ಮುಖ ನೋಡುತ್ತ ನಿಲ್ಲುತ್ತಿದ್ದಳು.

ಕೊನೆಗೊಂದು ದಿನ ಬಂದರು. ಮಗು ಗುಂಡಗಿತ್ತು, ತಾಯಿ ಕಡ್ಡಿಯಾಗಿದ್ದಳು.

"ಗಂಡುಮಗು!" ಎಂದು ಅಮ್ಮ ಎತ್ತಿಕೊಂಡಳು.

"ರಸ್ತೆ ಬದಿಯಲ್ಲೇ ಹುಟ್ಟಿಬಿಟ್ಟ," ಅಂದ ಅವನು ತನ್ನ ಹರಕು ಜರ್ಮನ್‌ನಲ್ಲಿ. "ನಮ್ಮ ನೆಲ ಇನ್ನೊಂದೇ ಗಂಟೆ ದೂರ ಇತ್ತು. ಇವಳು ತಡ್ಕೊಳ್ಳಲಿಲ್ಲ."

ಆಕೆ ಮಗುವನ್ನು ಕಿತ್ತುಕೊಂಡು ಒಳಗೆ ಹೋದಳು. ಆ ಮನೆಯಲ್ಲಿ ಇದ್ದಷ್ಟು ಕಾಲವೂ ಆಕೆ ಅವನೊಡನೆ ಮಾತಾಡಿದ್ದನ್ನು ನಾನು ಕೇಳಲಿಲ್ಲ.

"ಅಪ್ಪಾ," ಟಿವಿ ಮುಂದೆ ಪಕ್ಕದಲ್ಲಿ ಕೂತಿದ್ದ ನನ್ನ ಮಗ ಈಗಷ್ಟೇ ಕೇಳಿದ, "ಡೆಲಿವರಿ ನಮ್ಮೂರು ಮೈಸೂರಲ್ಲೇ ಆಗ್ಬೇಕು ಅಂತಿದ್ಯಲ್ಲ, ಇವಳಿಗೆ ಟಿಕೆಟ್ ಬುಕ್ ಮಾಡ್ಲಾ?"

ಸೊಸೆ ಹೊಟ್ಟೆಯ ಮೇಲೆ ಅಂಗೈ ಇಟ್ಟು ನನ್ನನ್ನೇ ನೋಡುತ್ತಿದ್ದಳು.

"ಬೇಡ ಕಣೋ," ಅಂದೆ. "ಅವಳನ್ನ ಕೇಳು."