ಶೀನ ಮಾವನ ಇಸಬ್‌ಗೋಲ್ ಪಥ್ಯ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಬಂತು ನೋಡಿ ಆ ವಾಸನೆ. ಕಿತ್ತಳೆ ಹಣ್ಣಿನದಲ್ಲ, ನಾವು ಚಿಕ್ಕವರಿದ್ದಾಗ ಅಂಗಡಿಯ ಗಾಜಿನ ಭರಣಿಯಲ್ಲಿ ಇರುತ್ತಿದ್ದ ಕಿತ್ತಳೆ ಪೆಪ್ಪರಮಿಂಟಿನದು. ಇಸಬ್‌ಗೋಲ್ ಎನ್ನುವ ಈ ಹೊಟ್ಟಿಗೆ ಸ್ವಂತದ್ದೆಂದು ವಾಸನೆಯೂ ಇಲ್ಲ, ರುಚಿಯೂ ಇಲ್ಲ. ನಮ್ಮಂಥ ವಯಸ್ಸಾದವರನ್ನು ಮಕ್ಕಳ ಹಾಗೆ ಪುಸಲಾಯಿಸಲು ಯಾರೋ ಪುಣ್ಯಾತ್ಮರು ಕಿತ್ತಳೆ ಬೆರೆಸಿದ್ದಾರೆ. ಚಮಚದಲ್ಲಿ ಹಾಕಿ, ಲೋಟ ತುಂಬ ನೀರು ಹೊಯ್ದು, ಗರಗರ ಕದಡಿ ಒಂದೇ ಉಸಿರಿಗೆ ಕುಡಿಯಬೇಕು. ಫೋನು ಬಂತೆಂದು ಆಚೆ ಹೋದಿರೋ, ತಿರುಗಿ ಬರುವಷ್ಟರಲ್ಲಿ ಲೋಟದಲ್ಲೇ ಲೋಳೆಗಟ್ಟಿ ಕೂತಿರುತ್ತದೆ.

ನಿನ್ನ ಹೊಟ್ಟೆಯ ಸಮಾಚಾರ ನಮಗೇಕಮ್ಮ ಅಂದಿರಾ? ಮುಖ ಸಿಂಡರಿಸಬೇಡಿ, ಹೇಳುತ್ತೇನೆ. ನಾನು ಬ್ರಹ್ಮಾವರದ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಜೀರ್ಣಾಂಗಗಳ ಪಾಠದಲ್ಲಿ ದೊಡ್ಡ ಕರುಳಿಗೆ ಬಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು ಏಳುತ್ತಿತ್ತು. “ಎಂತ ನಗೆ? ನಿಮಗ್ಯಾರಿಗೂ ಹೊಟ್ಟೆ ಇಲ್ಲವಾ?” ಎಂದು ಗದರುತ್ತಿದ್ದೆ. ಈಗ ಕೆಲವು ತಿಂಗಳಿಂದ ನನ್ನ ಹೊಟ್ಟೆಯೇ ನನ್ನ ಮಾತು ಕೇಳುತ್ತಿಲ್ಲ. ಕುಂದಾಪುರದ ಡಾಕ್ಟರು ಎರಡು ಮಾತು ಹೇಳಿದರು. ಸೊಪ್ಪು, ಕಾಳು ಜಾಸ್ತಿ ತಿನ್ನಿ, ಸಾಲದಿದ್ದರೆ ಇಸಬ್‌ಗೋಲ್ ಕುಡಿಯಿರಿ ಎನ್ನುವುದು ಒಂದು. ಈ ವಯಸ್ಸಿನಲ್ಲಿ ಹೊಟ್ಟೆಯ ರೂಢಿ ಬದಲಾದರೆ ಉದಾಸೀನ ಮಾಡಬಾರದು, ದೊಡ್ಡ ಕರುಳಿಗೆ ಕ್ಯಾಮೆರಾ ಬಿಟ್ಟು ನೋಡಿಸಿಬಿಡಿ ಎನ್ನುವುದು ಇನ್ನೊಂದು. ಮೊದಲನೆಯದನ್ನು ಅದೇ ಸಂಜೆ ಪಾಲಿಸಿದೆ. ಎರಡನೆಯದನ್ನು ಇವತ್ತು, ನಾಳೆ ಎಂದು ದೂಡುತ್ತಾ ಬಂದು, ಡಬ್ಬಿ ಅರ್ಧ ಖಾಲಿಯಾಗಿದೆ.

ಇದೇ ಕಿತ್ತಳೆ ವಾಸನೆಯ ಡಬ್ಬಿ ಶೀನ ಮಾವನ ಮನೆಯಲ್ಲಿ ದೇವರ ಪಟದ ಪಕ್ಕದ ಗೂಡಿನಲ್ಲಿ ಇರುತ್ತಿತ್ತು.

ಶೀನ ಮಾವ ನನ್ನ ಅಮ್ಮನ ತಮ್ಮ, ಬೈಂದೂರಿನವರು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ದೋಸೆ ಹೊಯ್ದು, ಕೊನೆಗೆ ತಮ್ಮದೇ ಸಣ್ಣ ಹೋಟೆಲು ಮಾಡಿದವರು. ಕೊಂಕಣ ರೈಲು ಓಡತೊಡಗಿದ ಹೊಸತರಲ್ಲಿ ಅದೇ ರೈಲಿಗೆ ಟ್ರಂಕು ಹಾಕಿಕೊಂಡು ಊರಿಗೆ ಬಂದುಬಿಟ್ಟರು. ಯಾಕೆಂದು ಕೇಳಿದರೆ, “ಸಾಕ್ ಮಾರಾಯ್ತಿ, ಊರ್ ಜನಕ್ಕೆಲ್ಲ ಉಂಬುಕ್ ಹಾಕಿ ಹಾಕಿ ನಾ ಉಂಬುದೇ ಮರ್ತ್ ಹೋಯ್ತ್” ಎಂದರು. ಅದು ನಿಜವೇ. ಹೋಟೆಲಿನವರ ಊಟವೆಂದರೆ ಗಿರಾಕಿಗಳೆಲ್ಲ ಎದ್ದ ಮೇಲೆ, ನಿಂತಲ್ಲೇ, ಉಳಿದದ್ದು. ಹಾಗೆ ಉಂಡು ಉಂಡು ಹೊಟ್ಟೆ ಕಟ್ಟಿಕೊಂಡಿದ್ದ ಅವರಿಗೆ ಯಾರೋ ಗುಜರಾತಿ ಗಿರಾಕಿ ಇಸಬ್‌ಗೋಲ್ ಹೇಳಿಕೊಟ್ಟಿದ್ದರಂತೆ. ಟ್ರಂಕಿನಲ್ಲಿ ಅದರ ಡಬ್ಬಿಗಳೂ ಊರಿಗೆ ಬಂದವು.

ಮುಂಬಯಿಯಲ್ಲಿ ಅದನ್ನು ಚಹದ ಹಾಗೆ ಕುಡಿದುಕೊಂಡಿದ್ದ ಮನುಷ್ಯ, ಊರಿನ ನೀರು ಮುಟ್ಟಿದ ಕೂಡಲೇ ಅದಕ್ಕೊಂದು ಶಾಸ್ತ್ರ ಕಟ್ಟಿದರು. ನಮ್ಮ ಕಡೆಯ ಹಳಬರ ಲೆಕ್ಕದಲ್ಲಿ ಪಥ್ಯ ಇಲ್ಲದ್ದು ಮದ್ದೇ ಅಲ್ಲ. ಕಾಮಾಲೆಗೆ ಸೊಪ್ಪಿನ ರಸ ಕುಡಿದರೆ ಎಣ್ಣೆ ಬಿಡಬೇಕು, ಮೀನು ಬಿಡಬೇಕು. ಮದ್ದು ಕೊಟ್ಟವರು ಪಥ್ಯ ಹೇಳದಿದ್ದರೆ ಅಜ್ಜಿ ಅವರನ್ನೇ ಅನುಮಾನಿಸುತ್ತಿದ್ದಳು. ಅವಳ ಮಗನಲ್ಲವೇ ಶೀನ ಮಾವ.

ಇದೊಂದೂ ನನಗೆ ಗೊತ್ತಿರಲಿಲ್ಲ. ಮಾವ ಬಂದು ಕೆಲವು ವರ್ಷಗಳಾಗಿದ್ದಾಗ ಒಂದು ದಿನ ಅವರ ಹೆಂಡತಿ ಗಿರಿಜತ್ತೆ ಫೋನು ಮಾಡಿದರು.

“ಹೆಣ್ಣೆ, ನೀ ಒಂದ್ಸಲ ಬಂದ್ ಹೋಗ್. ನಿನ್ ಮಾವ ಕಕ್ಕಸ್ ತೊಳುಕೆ ಶುರು ಮಾಡಿದ್ರ್.”

ನನಗೆ ನಗು ತಡೆಯಲಿಲ್ಲ.

“ನೆಗಿ ಮಾಡ್ಬೇಡ. ಮುಂಬೈಯಂಗೆ ಎಂತ ಮಾಡಿರೊ ನಂಗ್ ಗೊತ್ತಿಲ್ಲೆ. ಈ ಮನಿಯಂಗೆ ಒಂದ್ ಲೋಟ ತೊಳ್ದವ್ರಲ್ಲ. ಈಗ ಬೆಳಿಗ್ಗೆ ಫಿನಾಯಿಲ್ ಹಿಡ್ಕಂಡ್ ಒಳ್ಗ್ ಹೋರೆ ಬಪ್ಪುದೇ ಇಲ್ಲೆ. ಎಂತದೋ ಅಡಗಿಸ್ತ್ರ್.”

ಅತ್ತೆಯ ಅನುಮಾನ ಏನೆಂದು ಆಗ ಹೊಳೆಯಿತು. ನನ್ನ ದೊಡ್ಡ ಮಾವ, ಎಂದರೆ ಶೀನ ಮಾವನ ಅಣ್ಣ, ಕರುಳಿನ ಕ್ಯಾನ್ಸರಿನಲ್ಲಿ ಹೋದವರು. ಅವರೂ ಮೊದಮೊದಲು ರಕ್ತ ಹೋಗುವುದನ್ನು ಮೂಲವ್ಯಾಧಿ ಎಂದುಕೊಂಡು ಯಾರಿಗೂ ಹೇಳದೆ ಕೂತಿದ್ದರು.

ಆ ಭಾನುವಾರವೇ ಬಸ್ಸು ಹತ್ತಿದೆ. ಹೆಮ್ಮಾಡಿಯಲ್ಲಿ ಬಸ್ಸು ನಿಂತಾಗ ಒಬ್ಬಾಕೆ ಕೆಂಪು ಹರಿವೆ ಸೊಪ್ಪಿನ ಕಟ್ಟು ಹಿಡಿದು ನಿಂತಿದ್ದಳು. ಬರಿಗೈಯಲ್ಲಿ ಹೇಗೆ ಹೋಗುವುದೆಂದು ಕಿಟಕಿಯಿಂದಲೇ ಕೈ ಚಾಚಿ ಕೊಂಡೆ. ಮಧ್ಯಾಹ್ನಕ್ಕೆ ಅತ್ತೆ ಅದನ್ನೇ ಹುಳಿ ಮಾಡಿದರು. ನನಗೂ ಅತ್ತೆಗೂ ಕುಚ್ಚಲಕ್ಕಿ ಅನ್ನ, ಹರಿವೆ ಹುಳಿ, ಹುರಿದ ಬಂಗುಡೆ. ಮಾವನ ಬಟ್ಟಲಲ್ಲಿ ಮಾತ್ರ ತವುಡು ತೆಗೆದ ಬೆಳ್ತಿಗೆ ಅಕ್ಕಿಯ ಬಿಳೀ ಗಂಜಿ, ಪಕ್ಕದಲ್ಲಿ ಚಿಟಿಕೆ ಉಪ್ಪು.

“ಮಾವ, ನಿಮ್ಗ್ ಹುಳಿ ಬ್ಯಾಡ್ದಾ?”

“ನಂಗ್ ಪಥ್ಯ.”

“ಯಾವ ಮದ್ದಿಗೆ?”

ಮಾವ ಕತ್ತೆತ್ತಿ ಗೂಡಿನಲ್ಲಿದ್ದ ಇಸಬ್‌ಗೋಲ್ ಡಬ್ಬಿಯ ಕಡೆ ಭಕ್ತಿಯಿಂದ ನೋಡಿದರು. ಹರಿವೆ, ಬಸಳೆ, ಹೆಸರುಕಾಳು, ನೀರುಳ್ಳಿ, ಮೀನು ಎಲ್ಲ ಬಿಟ್ಟಿದ್ದಾರಂತೆ. ಕುಚ್ಚಲಕ್ಕಿ ಗಟ್ಟಿ ಆಹಾರ, ಮದ್ದಿಗೆ ಅಡ್ಡ ಎಂದು ಅದನ್ನೂ ಬಿಟ್ಟಿದ್ದಾರಂತೆ. ಇನ್ನೂ ಚೆಂದದ್ದು ಕೇಳಿ. ತುಂಬ ನೀರು ಕುಡಿದರೆ ಮದ್ದಿನ ಶಕ್ತಿ ಕರಗುತ್ತದೆಂದು ಎರಡೇ ಗುಟುಕಿನಲ್ಲಿ ನುಂಗುತ್ತಿದ್ದಾರೆ. ಹೊಟ್ಟೆ ಇನ್ನಷ್ಟು ಕಟ್ಟಿದರೆ ಇನ್ನೊಂದು ಚಮಚ ಮದ್ದು, ಇನ್ನಷ್ಟು ಕಠಿಣ ಪಥ್ಯ.

“ಅಯ್ಯೋ ದೇವರೇ, ಈ ಮದ್ದೇ ನಾರು. ಮನೆಯ ನಾರನ್ನೆಲ್ಲ ಬಿಟ್ಟು ಡಬ್ಬಿಯ ನಾರು ತಿಂದ್ರೆ ಹ್ಯಾಂಗೆ ಮಾವ?” ಎಂದೆ. ಮಾವ ನಂಬಲಿಲ್ಲ. ನನಗಾದರೂ ಪಾಠ ಮಾಡಲು ಜನ ಸಿಗುವುದೇ ತಡ. ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿವೆ, ನಮಗೆ ಅರಗದ ಸೊಪ್ಪು ಕಾಳಿನ ನಾರೇ ಅವುಗಳಿಗೆ ಊಟ, ಅವು ಅದನ್ನು ಹುಳಿ ಬರಿಸಿ ಉಂಟುಮಾಡುವ ಆಮ್ಲವನ್ನು ಉಂಡೇ ಕರುಳಿನ ಒಳಗೋಡೆ ಗಟ್ಟಿಯಾಗಿರುವುದು ಎಂದು ಶುರುಮಾಡಿದೆ. ಮಾವ ಗಂಜಿ ನಿಲ್ಲಿಸಿ ಕೇಳಿದರು. ಹಿಂದಿನ ಬೆಂಚಿನವರು ಯಾವತ್ತೂ ಹಾಗೆ ಕೇಳಿದ್ದಿಲ್ಲ.

“ಅಂದ್ರೆ ನಮ್ ಹೋಟ್ಲಿನ ಹಾಂಗೆ,” ಎಂದರು. “ಗಿರಾಕಿ ಉಂಡ್ ಎದ್ದ್ ಮೇಲೆ ಹಿಂದ್‌ಬದಿ ಕೆಲ್ಸದವ್ರ್ ಉಂಬ್ದ್. ಅವ್ರಿಗೆ ಉಂಬುಕ್ ಕೊಡ್ದಿರೆ?”

“ಹೊಟ್ಟೆಗಿಲ್ಲದಿದ್ರೆ ಅವು ಕರುಳಿನ ಗೋಡೆಯ ಲೋಳೆಪದರವನ್ನೇ ಕೆರೆದು ತಿಂತಾವಂಬ್ರ್.”

“ಸರಿಯೇ. ಉಪಾಸ ಹಾಕಿರೆ ಅಡ್ಗಿಮನಿಗೇ ಕೈ ಹಾಕ್ತ್ರ್. ಹಂಗಾರೆ ನನ್ ಮದ್ದ್ ಅವ್ರಿಗೆ ಊಟ ಅಲ್ದಾ?”

ಒಳ್ಳೇ ಪ್ರಶ್ನೆ. ಉತ್ತರ ನನಗೂ ಆಗ ಪೂರ್ತಿ ಗೊತ್ತಿರಲಿಲ್ಲ, ಆಮೇಲೆ ಓದಿ ತಿಳಿದದ್ದು. ನಾರೆಲ್ಲ ಒಂದೇ ಜಾತಿಯಲ್ಲ. ಇಸಬ್‌ಗೋಲ್ ನೀರು ಹೀರಿ ಉಬ್ಬಿ ದಾರಿ ಸಲೀಸು ಮಾಡುತ್ತದೆ, ಬ್ಯಾಕ್ಟೀರಿಯಾಗಳು ಅದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಅವುಗಳಿಗೆ ಬೇಕಾದದ್ದು ಕಾಳು, ನೀರುಳ್ಳಿ, ಬಾಳೆಕಾಯಿ, ಆರಿದ ಅನ್ನ, ಬಗೆಬಗೆಯದು. ಮದ್ದು ಸುಳ್ಳಲ್ಲ, ನೀರು ಸರಿಯಾಗಿ ಕುಡಿದರೆ ಒಳ್ಳೆಯದೇ. ಆದರೆ ಅದೊಂದನ್ನೇ ನಂಬಿ ಕೂರುವಂಥದ್ದಲ್ಲ.

ಅಷ್ಟರಲ್ಲಿ ಅತ್ತೆ ಒಲೆಯ ಕಡೆ ಮುಖ ಮಾಡಿಕೊಂಡೇ, “ರಕ್ತ ಹೋತ್ತಾ ಕೇಣ್” ಎಂದರು.

ಕೇಳಿದೆ. ಮಾವ ಗಂಜಿಯಲ್ಲಿ ಬೆರಳಾಡಿಸಿದರು. “ಮೂಲವ್ಯಾಧಿ ಇಪ್ಪುದ್. ನಾಳಿಂದ ಬಸಳೆ ತಿಂತೆ, ಸಮ ಆತ್ತ್.”

“ಬಸಳೆ ತಿನ್ನಿ. ಆದ್ರೆ ಒಳಗೆ ಆಗ್ಲೇ ಎಂತ ಇತ್ತಂದ್ ಬಸಳೆ ಹೇಳುದಿಲ್ಲೆ ಮಾವ. ಕ್ಯಾಮೆರಾ ಹಾಕಿ ನೋಡ್ಕ್.”

“ನಾ ಹೋತಿಲ್ಲೆ.”

ಆಮೇಲೆ ನಡೆದದ್ದು ನನ್ನ ಪಾಠದಿಂದ ಆದದ್ದಲ್ಲ. ಅತ್ತೆ ತಮ್ಮ ಬಟ್ಟಲಿನ ಅನ್ನ, ಹುಳಿ, ಮೀನು ಎಲ್ಲ ತೆಗೆದು ಆಚೆ ಇಟ್ಟರು. ಮಾವನ ಗಂಜಿ ಪಾತ್ರೆಯಿಂದ ಒಂದು ಸೌಟು ಬಡಿಸಿಕೊಂಡು ಉಪ್ಪು ಹಾಕಿಕೊಂಡರು. “ನೀವ್ ಆಸ್ಪತ್ರಿಗೆ ಹೋಪ್ ವರೆಗೆ ನಂಗೂ ಇದೇ ಪಥ್ಯ” ಎಂದರು. ಮೀನಿಲ್ಲದೆ ಗಿರಿಜತ್ತೆಯ ಗಂಟಲಲ್ಲಿ ಅನ್ನ ಇಳಿಯುವುದಿಲ್ಲವೆಂದು ಬೈಂದೂರಿಗೇ ಗೊತ್ತು. ಮಾವ ಕೆಲವು ದಿನ ಸೈರಿಸಿದರು. ಹೆಂಡತಿ ಆ ಸಪ್ಪೆ ಗಂಜಿ ಉಣ್ಣುವುದನ್ನು ನೋಡಲಾಗದೆ, ಬೈದುಕೊಂಡೇ ನನಗೆ ಫೋನು ಮಾಡಿದರು. “ಬತ್ತೆ. ಯಾವತ್ತಂದ್ ಕೇಣ್.”

ನಗಬೇಕಾದದ್ದು ಈಗ ಬಂತು. ಪರೀಕ್ಷೆಗೆ ಮುಂಚೆ ಕರುಳು ಖಾಲಿಯಾಗಬೇಕಲ್ಲ, ಅದಕ್ಕೆ ದೊಡ್ಡಾಸ್ಪತ್ರೆಯವರು ಹೇಳಿದ ಆಹಾರ ಯಾವುದು ಗೊತ್ತೇ? ಸೊಪ್ಪು ಬೇಡ, ಕಾಳು ಬೇಡ, ಕುಚ್ಚಲಕ್ಕಿ ಬೇಡ, ಇಸಬ್‌ಗೋಲನ್ನೂ ನಿಲ್ಲಿಸಿ, ಬೆಳ್ತಿಗೆ ಅಕ್ಕಿಯ ಗಂಜಿ ಸಾಕು. ಮಾವ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

“ಕಂಡ್ಯಾ ಟೀಚರಮ್ಮ? ನಾ ಮೊದ್ಲೇ ಹೇಳ್ಳಿಲ್ಯಾ?”

ಭೇದಿಯ ಮದ್ದು ಕುಡಿದು ಬೈಂದೂರಿನಿಂದ ಬಸ್ಸಿನಲ್ಲಿ ಬರುವುದು ಆಗದ ಮಾತು. ಹಾಗಾಗಿ ಆಸ್ಪತ್ರೆಗೆ ಹತ್ತಿರವೆಂದು ಹಿಂದಿನ ದಿನವೇ ಬ್ರಹ್ಮಾವರದ ನಮ್ಮ ಮನೆಗೆ ಕರೆಸಿಕೊಂಡೆ. ಸಂಜೆಯೆಲ್ಲ ಮಾವ ಬಚ್ಚಲಿನ ಒಳಗೆ, ನಾನೂ ಅತ್ತೆಯೂ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು. ಅವರು ಒಳಗಿಂದಲೇ ಮುಂಬಯಿಯ ಕಥೆ ಹೇಳುತ್ತಿದ್ದರು. ನಡುವೆ ಒಮ್ಮೆ ಮಾತು ನಿಂತುಹೋಯಿತು. ನಲ್ಲಿಯ ಸದ್ದೂ ಇಲ್ಲ.

“ಹ್ವಾಯ್, ಎಂತ ಆಯ್ತ್?” ಅತ್ತೆ ಎದ್ದರು.

“ಎಂತ ಇಲ್ಲೆ. ನಂಗ್ ಹೆದ್ರಿಕಿ ಆತ್ತ್ ಗಿರಿಜೆ. ಅಣ್ಣನ ಕಂಡಿದ್ಯಲೆ.”

ಅತ್ತೆ ಬಾಗಿಲಿಗೆ ಅಂಗೈ ಒತ್ತಿ ನಿಂತರು. “ನಾ ಇಲ್ಲೇ ಇದ್ದೆ” ಎಂದರು. ನಾನು ಎದ್ದು ಅಡುಗೆಮನೆಗೆ ಹೋದೆ, ನನಗೆ ಅಳು ಬಂದಿತ್ತು.

ಒಳಗೆ ಇದ್ದದ್ದು ಒಂದು ಸಣ್ಣ ಗಂಟು. ನೋಡುವಾಗಲೇ ತೆಗೆದೂ ಬಿಟ್ಟರು. ಪರೀಕ್ಷೆಯಲ್ಲಿ ಕೆಟ್ಟದ್ದಲ್ಲವೆಂದು ಬಂತು, ಹಾಗೇ ಬಿಟ್ಟಿದ್ದರೆ ಮುಂದೆ ಕೆಟ್ಟದ್ದಾಗಬಹುದಿತ್ತು ಎಂದರು ಡಾಕ್ಟರು. ಮನೆಗೆ ಬಂದ ಮಾವ ಮೊದಲು ಉಂಡದ್ದು ಸಿಗಡಿ ಹಾಕಿದ ಬಸಳೆ, ಅದೂ ಅತ್ತೆಗೆ ಬಡಿಸಿ, ಅವರು ಬಾಯಿಗಿಟ್ಟ ಮೇಲೆ. ಆಮೇಲಿನ ವರ್ಷಗಳಲ್ಲಿ ಕುಚ್ಚಲಕ್ಕಿಯೂ ನಡೆಯಿತು, ಹೆಸರುಕಾಳೂ ನಡೆಯಿತು, ಲೋಟ ತುಂಬ ನೀರಿನಲ್ಲಿ ಕದಡಿದ ಇಸಬ್‌ಗೋಲೂ ನಡೆಯಿತು. ಊಟ ಮುಗಿದು ಹೊಟ್ಟೆಯಲ್ಲಿ ಗುಡುಗುಡು ಎಂದರೆ, “ಹಿಂದ್‌ಬದಿಯವ್ರ್ ಉಂಬುಕ್ ಕೂತ್ರ್” ಎನ್ನುತ್ತಾರೆ.

ಇಷ್ಟು ನೆನಪಾಗುವಷ್ಟರಲ್ಲಿ ನನ್ನ ಲೋಟದಲ್ಲಿದ್ದದ್ದು ಲೋಳೆಗಟ್ಟಿ ಹೋಗಿತ್ತು. ಅದನ್ನು ನೋಡುತ್ತಾ ಕೂತೆ. ಬ್ಯಾಕ್ಟೀರಿಯಾದ ಮೇಲೆ ಗಂಟೆಗಟ್ಟಲೆ ಮಾತಾಡಬಲ್ಲೆ, ಆದರೆ ನನ್ನ ಕರುಳಿನಲ್ಲಿ ಏನಿದೆಯೆಂದು ನೋಡಿಸಲು ನನಗೆ ಹೆದರಿಕೆ. ಹೌದು, ಹೆದರಿಕೆಯೇ. ಡಬ್ಬಿಯ ಮುಚ್ಚಳ ಬಿಗಿದು ಮೇಲಿನ ಕಪಾಟಿನಲ್ಲಿಟ್ಟೆ. ಆಸ್ಪತ್ರೆಗೆ ಫೋನು ಮಾಡಿ ದಿನ ಕೇಳಿದೆ, ಈ ವಾರವೇ ಬನ್ನಿ ಎಂದರು. ಆಮೇಲೆ ಬೈಂದೂರಿಗೆ ಫೋನು ಹಚ್ಚಿದೆ.

“ಮಾವ, ಬೆಳ್ತಿಗೆ ಅಕ್ಕಿ ಗಂಜಿಗೆ ಇಡ್ತಾ ಇದ್ದೆ.”

ಮಾವನಿಗೆ ಕಿವಿ ಈಗ ಮಂದ. ಕೇಳಿಸಲಿಲ್ಲವೇನೋ ಎಂದುಕೊಂಡೆ.

“ನಿಂಗಾ?” ಎಂದರು.

“ಹೌದ್ ಮಾವ.”

“ಹೆದ್ರಬೇಡ ಮಗಾ,” ಎಂದು, ಫೋನು ಇಡುವುದನ್ನು ಮರೆತು ಒಳಗೆ ಕೂಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. “ಗಿರಿಜೇ, ಮೀನ್ ಬದಿಗಿಡ್. ನಮ್ಗೂ ಇವತ್ತಿಂದ ಬೆಳ್ತಿಗಿ ಗಂಜಿ.”