ನಿಲ್ದಾಣಕ್ಕೊಂದು ಪಟ್ಟೆ

ಬೆಳಕು ಹರಿಯುವ ಹೊತ್ತು. ವಿಠ್ಠಲವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಇನ್ನೂ ಟ್ಯೂಬ್‌ಲೈಟು ಉರಿಯುತ್ತಿದೆ. ಅಂಬರನಾಥದಿಂದ ಬಂದ ಸ್ಲೋ ಲೋಕಲ್‌ನ ಲೇಡೀಸ್ ಡಬ್ಬಾ ಹತ್ತಿದ ಅನಸೂಯಾ ಕಿಟಕಿಯ ಪಕ್ಕ ಕೂರುತ್ತಾರೆ. ಕಲ್ಯಾಣದವರೆಗೆ ಅವರ ಕೈ ಚೀಲದೊಳಗೇ ಇರುತ್ತದೆ. ಅಲ್ಲಿಂದ ಗಾಡಿ ಅಲುಗಿದ ಕೂಡಲೇ ಎರಡು ಕಡ್ಡಿ ಹೊರಬರುತ್ತವೆ, ಹಸಿರು ಉಲ್ಲನ್ ಓಡತೊಡಗುತ್ತದೆ. ಠಾಕುರ್ಲಿಯಲ್ಲಿ ಹಸಿರು ನಿಂತು ಹಳದಿ ಶುರುವಾಗುತ್ತದೆ. ಡೊಂಬಿವಲಿಯಲ್ಲಿ ಹಳದಿಯೂ ನಿಲ್ಲುತ್ತದೆ.

ನಾನು ಸಾಲು ಎಣಿಸುತ್ತಿದ್ದೇನೆ. ಅದು ಅವರಿಗೆ ಗೊತ್ತಾಗಿದೆ. ಹೆಣಿಗೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ.

"ನಿಮ್ಮನ್ನ ಅಂಗಡಿ ಅಕ್ಕಾರು ಕಳಸ್ಯಾರೇನ್ರಿ?"

ಇಲ್ಲ ಎಂದು ಪತ್ರಿಕೆಯ ಗುರುತಿನ ಚೀಟಿ ತೋರಿಸುತ್ತೇನೆ. ಹಿಂದೆ ಮುಂದೆ ತಿರುಗಿಸಿ, ಫೋಟೊವನ್ನು ಮುಖಕ್ಕೆ ತಾಳೆ ನೋಡಿ ವಾಪಸು ಕೊಡುತ್ತಾರೆ. ಮನೆಯಲ್ಲಿ ಯಾರ‍್ಯಾರಿದ್ದೀರಿ ಎಂದು ಕೇಳುತ್ತಾರೆ. ಯಾರೂ ಇಲ್ಲ ಎನ್ನುತ್ತೇನೆ. ಅದನ್ನೂ ಪೂರ್ತಿ ನಂಬಿದಂತೆ ಕಾಣುವುದಿಲ್ಲ.

ಅವರ ಅನುಮಾನ ಸುಳ್ಳೂ ಅಲ್ಲ. ಅವರ ಹೆಸರನ್ನು ನಾನು ಮೊದಲು ಕೇಳಿದ್ದು ಆ ಅಂಗಡಿಯಲ್ಲೇ.

ವಿಜಯಪುರದ ಕಡೆಯಿಂದ ಅನಸೂಯಾ ಇಲ್ಲಿಗೆ ಬಂದದ್ದು 2001ರಲ್ಲಿ. ಗಂಡ ಮಹಾದೇವಪ್ಪ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಹಮಾಲಿ. ಉಲ್ಹಾಸನಗರದ ಸಿಂಧಿ ಮನೆಯೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಆ ಮನೆಯ ಅಜ್ಜಿ ಹೆಣೆಯುವುದನ್ನು ಕಲಿಸಿದರು. ಈಗ ಹಗಲಿಡೀ ಠಾಣೆಯ ಗಾರ್ಮೆಂಟಿನಲ್ಲಿ ದಾರ ಕತ್ತರಿಸುವ ಕೆಲಸ. ಸಂಜೆಯ ಗಾಡಿಯಲ್ಲಿ ನಿಲ್ಲುವುದಕ್ಕೇ ಜಾಗ ಸಾಲದು. ಮನೆಗೆ ಹೋದರೆ ಒಲೆ, ನೀರು. ಹೆಣೆಯಲು ಸಿಗುವುದು ಕಲ್ಯಾಣದಿಂದ ಠಾಣೆಯವರೆಗಿನ ಅರ್ಧ ಗಂಟೆ ಮಾತ್ರ.

ಅವರು ತರುವುದು ಉಲ್ಹಾಸನಗರದ ಬಜಾರಿನಲ್ಲಿ ಉಳಿದ ಚಿಕ್ಕ ಚಿಕ್ಕ ಉಂಡೆಗಳನ್ನು. ಒಂದೇ ಬಣ್ಣದಲ್ಲಿ ಒಂದು ಸ್ವೆಟರು ಆಗದು. ಹಾಗಾಗಿ ಪಟ್ಟೆ. ಯಾವ ಬಣ್ಣದ ಪಕ್ಕ ಯಾವುದು ಎಂಬುದನ್ನು ಹಿಂದಿನ ದಿನವೇ ಚಾಪೆಯ ಮೇಲೆ ಉಂಡೆ ಜೋಡಿಸಿ ನಿರ್ಧರಿಸುತ್ತಾರೆ. ಪಟ್ಟೆ ಎಷ್ಟು ಅಗಲ ಎಂಬುದನ್ನು ಗಾಡಿ ನಿರ್ಧರಿಸುತ್ತದೆ. ನಿಲ್ದಾಣ ಬಂದರೆ ಬಣ್ಣ ಬದಲು. ಮಗುವಿನ ಸ್ವೆಟರಿಗೆ ಅರವತ್ತು ಕುಣಿಕೆಯ ಸಾಲು. ಠಾಕುರ್ಲಿಯಿಂದ ಡೊಂಬಿವಲಿಗೆ ಎರಡು ಸಾಲು, ಮುಂಬ್ರಾದಿಂದ ಕಳ್ವಾಕ್ಕೆ ಆರು. ಠಾಣೆಯಲ್ಲಿ ಇಳಿಯುವ ಹೊತ್ತಿಗೆ ಇಪ್ಪತ್ತನಾಲ್ಕು. ಹನ್ನೆರಡು ಬೆಳಗಿಗೆ ಒಂದು ಸ್ವೆಟರು. ನಡುವೆ ಎಲ್ಲಾದರೂ ಗಾಡಿ ನಿಂತು ಪಟ್ಟೆ ದಪ್ಪವಾದರೆ, ಮನೆಯಲ್ಲಿ ಮುಗಿದ ತುಂಡಿನ ಮೇಲಿಟ್ಟು ನೋಡಿ ಹೆಚ್ಚಾದ ಸಾಲು ಬಿಚ್ಚುತ್ತಾರೆ.

ತೊಂದರೆ ಹುಟ್ಟಿದ್ದೂ ಈ ಅಚ್ಚುಕಟ್ಟಿನಿಂದಲೇ. ಠಾಣೆಯಲ್ಲಿ ಮಕ್ಕಳ ಬಟ್ಟೆಯ ಅಂಗಡಿ ಇಟ್ಟಿರುವ ಉಡುಪಿ ಮೂಲದ ದಿಶಾ, ಇವರ ಸ್ವೆಟರುಗಳನ್ನು 'ಕೈಹೆಣಿಗೆ' ಎಂದು ಮಾರುತ್ತಾರೆ. ಈ ದೀಪಾವಳಿಯ ನಂತರ ಗಿರಾಕಿಯೊಬ್ಬರು ಇದು ಮೆಷಿನ್ನಿನದು ಎಂದು ವಾಪಸು ತಂದರು. ದಿಶಾ ಮೂರು ಸ್ವೆಟರಿನ ಮೇಲೆ ಟೇಪು ಹಿಡಿದರು. ಪಟ್ಟೆಗಳು ಕೂದಲೆಳೆಯಷ್ಟೂ ಬೇರೆಯಾಗಿರಲಿಲ್ಲ. ಅವರು ಅನಸೂಯಾರನ್ನು ಕರೆಸಿ, ತಮ್ಮೆದುರೇ ಕೂತು ಹೆಣೆಯಲು ಹೇಳಿದರು. ನೋಡಿಕೊಂಡು ಹೆಣೆಯಬಾರದೆಂದು ಹಳೆಯ ಸ್ವೆಟರುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಒಂದು ತಾಸು ಕಳೆದರೂ ಕಡ್ಡಿಯಲ್ಲಿದ್ದುದು ಬರೀ ಹಸಿರು. ಚಳಿಗಾಲಕ್ಕೆಂದು ಹೇಳಿದ್ದ ನಲವತ್ತು ಸ್ವೆಟರಿನ ಆರ್ಡರು ಅಲ್ಲಿಗೇ ನಿಂತಿತು.

"ಹನ್ನೆರಡು ವರ್ಷದಾಗ ನಾ ಸಾಲು ಎಣಿಸೇ ಇಲ್ರಿ," ಎನ್ನುತ್ತಾರೆ ಅನಸೂಯಾ. "ಬಣ್ಣ ಎಲ್ಲಿ ಬದಲಾಸ್ಬೇಕು ತಿಳೀಲಿಲ್ಲ. ಅಂಗಡ್ಯಾಗ ಸ್ಟೇಷನ್ನೇ ಬರಲಿಲ್ಲ."

ರೈಲಿನ ವಿಷಯ ಆಗಲೇ ಏಕೆ ಹೇಳಲಿಲ್ಲ? ಅವರು ಸುತ್ತ ನೋಡಿ ದನಿ ತಗ್ಗಿಸುತ್ತಾರೆ. "ಕೂಸಿನ ಅಂಗಿರಿ ಅದು. ಗಾಡ್ಯಾಗ ಹೆಣೀತೀನಿ ಅಂದ್ರ ಹೊಲಸು ಅಂತಾರ. ಸುಳ್ಳಿ ಅನ್ನಿಸ್ಕೊಂಡ್ರೂ ಚಿಂತಿಲ್ಲ ಅಂತ ಸುಮ್ಮಕಾದೆ."

ಮೂರು ದಿನ ನಾನು ಆ ಗಾಡಿ ಹತ್ತಿದೆ. ನಾಲ್ಕು, ಎರಡು, ಎರಡು, ನಾಲ್ಕು, ನಾಲ್ಕು, ಆರು, ಎರಡು. ಮೂರೂ ದಿನ ಅಷ್ಟೇ. ನಾನು ಎಣಿಸುವುದರಿಂದಲೇ ಅವರೂ ಎಣಿಸುತ್ತಿರಬಹುದು ಎಂದು ಎರಡನೆಯ ದಿನ ಅನ್ನಿಸಿತ್ತು. ಮೂರನೆಯ ದಿನ ಅವರು ಪಕ್ಕದವಳೊಡನೆ ಮಗಳ ಮದುವೆಯ ಮಾತಿಗೆ ಬಿದ್ದಿದ್ದರು. ಲೆಕ್ಕ ಆಗಲೂ ತಪ್ಪಲಿಲ್ಲ. ಆ ಸಂಜೆ ಅನಸೂಯಾರೇ ದಿಶಾಗೆ ಫೋನು ಮಾಡಿ, ನಾಳೆ ಗಾಡಿಗೆ ಬಂದು ಹೆಣೆಯುವುದನ್ನು ನೋಡಿ ಎಂದರು.

ನಾಲ್ಕನೆಯ ದಿನ ದಿಶಾ ಕಲ್ಯಾಣದಲ್ಲಿ ಹತ್ತಿ ಎದುರಿನ ಸೀಟಿನಲ್ಲಿ ಕೂರುತ್ತಾರೆ. ಕಣ್ಣು ಕಡ್ಡಿಯ ಮೇಲೆ. ಕಡ್ಡಿಯಲ್ಲಿರುವುದು ಒಂದು ಎಡತೋಳು. ಮುಂಬ್ರಾ ದಾಟಿದ ಮೇಲೆ ಸಿಗ್ನಲ್ ಇಲ್ಲದೆ ಗಾಡಿ ನಿಂತುಬಿಡುತ್ತದೆ. ಹೆಂಗಸರು ಗೊಣಗುತ್ತಾರೆ. ಅನಸೂಯಾರ ಕೈ ನಿಲ್ಲುವುದಿಲ್ಲ. ಕಳ್ವಾ ಬರುವಷ್ಟರಲ್ಲಿ ನೀಲಿ ಪಟ್ಟೆ ಹತ್ತು ಸಾಲಾಗಿದೆ.

ದಿಶಾ ಬೆರಳಿಟ್ಟು ಎಣಿಸುತ್ತಾರೆ. ಮತ್ತೊಮ್ಮೆ ಎಣಿಸುತ್ತಾರೆ. "ಅರೆ, ಅನಸೂಯಾಬಾಯಿ," ಎನ್ನುತ್ತಾರೆ, "ನೀವು ಸ್ಟೇಷನ್ ನೋಡಿಯೇ ಹೆಣೆಯುವುದಾ? ಮೊದಲೇ ಹೇಳಬಾರದಾ?"

ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಲವತ್ತು ಸ್ವೆಟರಿನ ಮಾತು ಮತ್ತೆ ಕುದುರುತ್ತದೆ. ಆದರೆ ಅನುಮಾನ ಅಷ್ಟು ಬೇಗ ಬಿಡುವುದಿಲ್ಲ. ಇನ್ನು ಮುಂದೆ ಒಗೆದೇ ಕೊಡಬೇಕು ಎನ್ನುತ್ತಾರೆ ದಿಶಾ. ಒಗೆಯದೆ ಒಂದನ್ನೂ ಕೊಟ್ಟಿಲ್ಲ ಎನ್ನುತ್ತಾರೆ ಅನಸೂಯಾ. ಇಬ್ಬರೂ ನನ್ನ ಕಡೆ ನೋಡಿ, ಜನ ನೋಡಲು ಬಂದಾರು, ಗಾಡಿಯ ಟೈಮನ್ನು ಪತ್ರಿಕೆಯಲ್ಲಿ ಹಾಕಬೇಡಿ ಎನ್ನುತ್ತಾರೆ. ಆ ಒಂದು ವಿಷಯದಲ್ಲಿ ಅವರದು ಒಂದೇ ಮಾತು.

ಹೊರಡುವ ಮುನ್ನ ದಿಶಾ ನೀಲಿ ಪಟ್ಟೆಯನ್ನು ಮುಟ್ಟಿ, ಈ ಹೆಚ್ಚಿನ ನಾಲ್ಕು ಸಾಲು ಬಿಚ್ಚಿಬಿಡಿ, ಬಲತೋಳಿಗೆ ಸರಿಹೊಂದುವುದಿಲ್ಲ ಎನ್ನುತ್ತಾರೆ.

ಇಷ್ಟು ವರ್ಷ ಹೆಚ್ಚಾದುದನ್ನೆಲ್ಲ ಬಿಚ್ಚಿದ ಅನಸೂಯಾ ತೋಳನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

"ಇದನ್ನ ಬಿಚ್ಚಂಗಿಲ್ರಿ. ನಿಂತಿದ್ದು ಗಾಡಿ. ನಾ ನಿಂತಿದ್ದಿಲ್ಲ."